ನಾಯಿ ಕೂತ ಜಾಗ

"ನಾಯಿ ಅಂತೀಯೇನೇ, ಬೋಳಿಮಗಳೆ? ಅದು ಇಲಾಖೆ ನೌಕರ. ನಿನಗಿಂತ ಮೇಲು, ನನಗಿಂತ ಒಂಚೂರು ಕೆಳಗೆ."

ಠಾಣೆಯ ಹಿತ್ತಲಲ್ಲಿ ದಫೇದಾರ ಗದರಿದ. ಕಸ ಗುಡಿಸುವವಳು ಇಲಾಖೆಯ ನೌಕರ ಬೆಳಗ್ಗೆ ಮಾಡಿಟ್ಟಿದ್ದನ್ನು ತಗಡಿಗೆ ಬಳಿದುಕೊಂಡಳು.

ಹಳ್ಳಿಗಾಡಿನ ಗಾಂಜಾ ದಂಧೆ ಮಟ್ಟ ಹಾಕಲೆಂದು ಠಾಣೆಗೆ ಮೇಲಿನಿಂದ ಅನುದಾನ ಬಂದಿತ್ತು. ಆ ದುಡ್ಡಿನಲ್ಲಿ ಜೀಪು ಬಂತು, ಮೂಸುವ ನಾಯಿ ಬಂತು, ನಾಯಿಗೆ ಫ್ಯಾನು ಹಾಕಿದ ಕೋಣೆಯೂ ಬಂತು. ಉಸ್ತುವಾರಿ ದಫೇದಾರನದು. ಆದರೆ ಮೀಸೆ ಇದ್ದಷ್ಟು ಗುಂಡಿಗೆ ಅವನಿಗಿರಲಿಲ್ಲ. ನಾಯಿ ಆಕಳಿಸಿದರೂ ಮೇಜು ಹತ್ತುತ್ತಿದ್ದ. ಹೀಗಾಗಿ ಹಾಲು, ಮೊಟ್ಟೆ, ಸ್ನಾನ, ಉಣುಗು ಕೀಳುವುದು ಎಲ್ಲ ಅವಳ ಕೊರಳಿಗೆ ಬಿತ್ತು. ಅವಳು ಮುಟ್ಟಿದ ನೀರನ್ನು ಠಾಣೆಯಲ್ಲಿ ಕುಡಿಯುತ್ತಿದ್ದುದು ಅದೊಂದೇ.

ಗಾಂಜಾ ವಾಸನೆ ಸಿಕ್ಕ ಕಡೆ ಕೂರಬೇಕೆಂದು ನಾಯಿಗೆ ಕಲಿಸಿದ್ದರು. ಮೊದಲ ದಾಳಿ ಅವಳಿದ್ದ ಕಲ್ಲು ಒಡೆಯುವವರ ಕೇರಿಯ ಮೇಲೆ. ಕ್ವಾರಿ ಧಣಿಯ ಬಂಗಲೆ ದಾರಿಯಲ್ಲೇ ಇದ್ದರೂ ಜೀಪು ಅಲ್ಲಿ ಹಾರ್ನ್ ಕೂಡ ಹೊಡೆಯಲಿಲ್ಲ. ಕೇರಿಗೆ ಬಂದ ನಾಯಿ ಯಾರ ಮನೆಯನ್ನೂ ಮೂಸದೆ ನೇರ ಅವಳ ಮನೆಗೆ ಓಡಿ, ಅವಳ ಹಾಸಿಗೆಯ ಮುಂದೆ ಬಾಲ ಆಡಿಸುತ್ತ ಕೂತುಬಿಟ್ಟಿತು. ಪೊಲೀಸರು ಹೊದಿಕೆ ಹರಿದರು, ಹಿಟ್ಟಿನ ಡಬ್ಬಿ ಬೋರಲು ಹಾಕಿದರು. ಗಾಂಜಾ ಇರಲಿ, ಹಿಟ್ಟೂ ನೆಟ್ಟಗೆ ಸಿಗಲಿಲ್ಲ. ಕಲ್ಲು ಹೊತ್ತು ದಣಿದು ಮಲಗಿದ್ದ ಅವಳ ತಮ್ಮನನ್ನು ಎಳೆದು ಜೀಪಿಗೆ ತುಂಬಿದರು.

"ಅದು ನನ್ ವಾಸನೆಗೆ ಕೂತಿರೋದು ಸಾಹೇಬ್ರೆ. ದಿನಾ ನಾನೇ ತಾನೆ ಅನ್ನ ಹಾಕೋದು," ಎಂದಳು.

ಇನ್ಸ್‌ಪೆಕ್ಟರ್ ಹೊಟ್ಟೆ ಕುಣಿಸಿ ನಕ್ಕ. "ತರಬೇತಿ ಆಗಿರೋ ನಾಯಿ ಕಣೇ. ನಿನ್ನಂಥೋಳ ಸೆರಗು ಹಿಡ್ಕೊಂಡು ಓಡಾಡಕ್ಕೆ ಅದೇನು ನಿನ್ ಗಂಡನಾ?"

ಅನುದಾನ ಏನಾಯಿತೆಂದು ನೋಡಲು ಮರುದಿನ ದೊಡ್ಡ ಸಾಹೇಬರು ಬರುವವರಿದ್ದರು. ಹಿಡಿದವನೊಬ್ಬನನ್ನು ತೋರಿಸದಿದ್ದರೆ ಬರುವ ವರ್ಷದ ಅನುದಾನಕ್ಕೆ ಕಲ್ಲು. ತೋರಿಸಿದ ಮೇಲೆ ನಿನ್ನ ತಮ್ಮ ಸೀದಾ ಜೈಲಿಗೆ ಎಂದು ದಫೇದಾರ ಹೇಳಿ ಹೋದ.

ಮರುದಿನ ಠಾಣೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಧಣಿ, ಇನ್ಸ್‌ಪೆಕ್ಟರ್. ಕಂಬಕ್ಕೆ ಕಟ್ಟಿದ ತಮ್ಮ. ಅವನ ಕಾಲ ಬಳಿ ಠಾಣೆಯ ಬೀರುವಿನಿಂದ ತಂದಿಟ್ಟ ಗಾಂಜಾ ಪೊಟ್ಟಣ. ನಾಯಿ ಅದರ ಮುಂದೆ ಕೂತು ತೋರಿಸಬೇಕು. ಬೇಲಿಯಾಚೆ ಕೇರಿಯ ಜನ. ಮುಖ ತೋರಿಸಬೇಡ ಎಂದು ಅವಳನ್ನು ಗೋಡೆಯ ಮರೆಗೆ ಅಟ್ಟಿದ್ದರು.

ದಫೇದಾರ ನಾಯಿಯ ಹಗ್ಗ ಬಿಟ್ಟ. ನಾಯಿ ಪೊಟ್ಟಣವನ್ನು ದಾಟಿ, ತಮ್ಮನನ್ನು ದಾಟಿ, ಗೋಡೆಯತ್ತ ಬಂತು. ಅದು ಇಲ್ಲೇ ಕೂತರೆ ತನ್ನನ್ನೂ ಕಟ್ಟುತ್ತಾರೆ. ಅವಳು ಪೊರಕೆ ಕೆಳಗಿಟ್ಟು ನಡೆದಳು. ಯಾವತ್ತೂ ತುಳಿಯದ ಜಮಖಾನೆ ತುಳಿದು ಹೋಗಿ ಧಣಿಯ ಕುರ್ಚಿಯ ಹಿಂದೆ ನಿಂತಳು.

ನಾಯಿ ಧಣಿಯ ಕಾಲ ಮೇಲೆ ಕೂತಿತು.

ಏನೂ ತಿಳಿಯದ ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಅವಳು ಮೆಲ್ಲಗೆ ಇನ್ಸ್‌ಪೆಕ್ಟರನ ಹಿಂದಕ್ಕೆ ಸರಿದಳು. ನಾಯಿ ಅಲ್ಲಿಗೂ ಬಂದು ಕೂತಿತು. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಅವಳು ಇನ್ನೊಂದು ಹೆಜ್ಜೆ ಇಡುವುದರೊಳಗೆ ದೊಡ್ಡ ಸಾಹೇಬರು ಬೂಟುಗಾಲನ್ನು ಕುರ್ಚಿಯ ಮೇಲೆತ್ತಿಕೊಂಡರು.

ಇನ್ಸ್‌ಪೆಕ್ಟರ್ ಬೆವರಿದ. "ಅದಕ್ಕೆ ಗಾಂಜಾ ಸಿಕ್ಕಿಲ್ಲ ಸಾರ್. ಈ ಮುಂಡೇದು ದಿನಾ ಅನ್ನ ಹಾಕ್ತಾಳೆ, ಅವಳು ಎಲ್ಲಿರ್ತಾಳೋ ಅಲ್ಲೇ ಕೂರುತ್ತೆ..."

ಹೇಳಿದ್ದು ಏನೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಇಡೀ ಕೇರಿ ನಗುತ್ತಿತ್ತು.

"ಹಂಗಂತ ನಿನ್ನೆ ನಾನೂ ಹೇಳಿದ್ದೆ," ಎಂದಳು ಅವಳು.

ತಮ್ಮನ ಹಗ್ಗ ಬಿಚ್ಚಿ ಎಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವಳು ಕಂಬದ ಹತ್ತಿರ ಹೋಗಿ ಕೂತಳು. ದಫೇದಾರ ಲಾಠಿ ಹಿಡಿದು ಮುಂದೆ ಬಂದ. ನಾಯಿ ಹಲ್ಲು ತೋರಿಸಿತು. ಅವನು ಮೇಜು ಹುಡುಕಿದ. ಗಂಟು ಬಿಗಿಯಾಗಿತ್ತು, ಬೆರಳಿಗೆ ಬಗ್ಗಲಿಲ್ಲ. ಅವಳು ಬಾಯಿ ಹಾಕಿ ಕಚ್ಚತೊಡಗಿದಳು.