ಎಡಕ್ಕೆ ತಿರುಗಿದ ಚಕ್ರ

ಫೌಸ್ತೊನ ಬುಟ್ಟಿಯ ಮೇಲೆ ಜರೀಗಿಡದ ಹಸಿ ಎಲೆ, ಅಂದರೆ ಬುಟ್ಟಿ ಖಾಲಿಯಲ್ಲ, ಖಾಲಿ ಬುಟ್ಟಿಗೆ ಯಾರು ಹೊದಿಕೆ ಹೊದಿಸುತ್ತಾರೆ ಎಂದು ಓರ್ನೆಲ್ಲಾ ಕಿಟಕಿಯಾಚೆಯ ಹಗ್ಗಕ್ಕೆ ಅಪ್ಪನ ಅಂಗಿ ಸಿಕ್ಕಿಸುತ್ತ ಅಂದುಕೊಂಡಳು, ಇನ್ನೊಂದು ಕ್ಲಿಪ್ಪು ಹಲ್ಲಿನ ನಡುವೆ, ಕೆಳಗೆ ಬೀದಿಯಲ್ಲಿ ಅವನು ಗೋಡೆಗೆ ಅಂಟಿಕೊಂಡೇ ಬರುತ್ತಿದ್ದಾನೆ, ಸರೋವರದ ಕಡೆಯಿಂದ ಬಂದವನ ಹಾಗೆ, ಆದರೆ ಬೂಟಿನ ಮೇಲೆ ಕಾಡಿನ ಕಪ್ಪು ಮಣ್ಣು — ಏನಾದ್ರೂ ಸಿಕ್ತಾ ಫೌಸ್ತೊ? ಏನ್ ಸಿಗುತ್ತಮ್ಮಾ, ಕಾಡೆಲ್ಲ ಒಣಗಿ ಬೆಂಡಾಗಿದೆ, ಸುಮ್ನೆ ಕಾಲಾಡಿಸ್ಕೊಂಡ್ ಬಂದೆ. ವಾರವಿಡೀ ಮಳೆ ಹೊಯ್ದು ನಿನ್ನೆಯಷ್ಟೇ ಹೊಳವಾಗಿದೆ, ಕಾಡು ಒಣಗಿದೆಯಂತೆ, ಇರಲಿ, ಅಣಬೆಗೆ ಹೋದವನು ಹೀಗೆ ಹೇಳುವುದೇ ಮರ್ಯಾದೆ, ತುಂಬಾ ಸಿಕ್ಕಿತು ಎಂದವನನ್ನೇ ಊರು ಅನುಮಾನದಿಂದ ನೋಡುತ್ತದೆ. ನಿಮ್ಮಪ್ಪ ಹೇಗಿದಾರೆ, ಆ ಅಣಬೆ ಜಾಗದ ವಿಷಯ ಏನಾದ್ರೂ ಬಾಯಿ ಬಿಟ್ರಾ? ಬಿಟ್ರೆ ನಿಂಗ್ಯಾಕೆ ಹೇಳ್ಲಿ? ಅಯ್ಯೋ, ಅಂಥಾ ಪೊರ್ಚಿನಿ ಅಣಬೆ ಯಾರಿಗೂ ಇಲ್ದೆ ಕೊಳೆತು ಹೋಗುತ್ತಲ್ಲಾ ಅಂತ ಸಂಕಟ, ಅಷ್ಟೆ. ಸಂಕಟವಂತೆ, ಮೊನ್ನೆ ಬೇಕರಿಯ ಮುಂದೆ ಮಗಳು ತೆಕ್ಲಾಳ ಕೈಗೆ ಚಾಕಲೇಟು ತುರುಕಿ, ಅಜ್ಜ ನಿನ್ನ ಕರ್ಕೊಂಡ್ ಹೋಗಿದ್ದು ಕಲ್ಲುಗುಂಡಿನ ಈಚೆಗೋ ಆಚೆಗೋ ಪುಟ್ಟಾ ಎಂದು ಕೇಳಿದ್ದು ಇವನೇ, ಮಗು ಚಾಕಲೇಟು ತಿಂದು, ಆಚೆಗೂ ಅಲ್ಲ ಈಚೆಗೂ ಅಲ್ಲ ಎಂದಿತಂತೆ, ಎಂಟು ವರ್ಷಕ್ಕೇ ಅಪ್ಪಟ ಅಲ್ವಾರೊನ ಮೊಮ್ಮಗಳು — ಅಮ್ಮಾ. ತೆಕ್ಲಾ ಹಿಂದೆ ಬಂದು ನಿಂತಿದ್ದಾಳೆ, ರಾತ್ರಿಯ ಅಂಗಿಯ ಮೇಲೆಯೇ ಸೈಕಲ್ಲಿನ ಹೆಲ್ಮೆಟ್ಟು, ಅಮ್ಮಾ, ಹೋಗೋಣ್ವಾ, ಈಗ್ಲೇ. ಕ್ಲಿಪ್ಪು ಬಾಯಿಂದ ಜಾರಿ ಬೀದಿಗೆ ಬಿತ್ತು. ಬೋಗುಣಿಯಲ್ಲಿ ಇನ್ನೂ ದಿಂಬಿನ ಚೀಲಗಳು.

ಹೋಗ್ಬನ್ನಿ, ನಾನಿದೀನಿ ಎಂದ ಗಂಡ ಸಾಂದ್ರೊ, ದಿಂಬಿನ ಚೀಲ ಹಿಂಡುತ್ತ, ಅವನು ಹಿಂಡಿದ್ದು ಮಧ್ಯಾಹ್ನದವರೆಗೂ ತೊಟ್ಟಿಕ್ಕುತ್ತದೆ, ಆದರೂ ಪುಣ್ಯಾತ್ಮ. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಹೇಝಲ್ ಬೀಜ ಒಡೆಯುತ್ತಿದ್ದರು, ಒಡೆದು ಸಿಪ್ಪೆಯನ್ನು ಬಟ್ಟಲಿಗೆ, ಬೀಜವನ್ನು ಕಸಕ್ಕೆ, ಅವಳು ಸುಮ್ಮನೆ ಎರಡನ್ನೂ ಅದಲುಬದಲು ಮಾಡಿಟ್ಟಳು, ತಲೆಯೆತ್ತಿ ನೋಡಿದರು, ಇನೆಸ್, ಮಳೆ ಬಂತಾ? ಇನೆಸ್ ಅವರ ತಂಗಿ, ತೀರಿಕೊಂಡು ಎಷ್ಟೋ ಕಾಲವಾಯಿತು, ಬಂತು ಅಪ್ಪಾ, ಚೆನ್ನಾಗಿ ಬಂತು. ಹಾಗಾದ್ರೆ ಸರಿ. ಮಗಳ ಹೆಸರು ಹೋಗಿದೆ, ಹೆಂಡತಿಯ ಮುಖ ಹೋಗಿದೆ, ಮಳೆ ಮಾತ್ರ ಉಳಿದಿದೆ, ಮಳೆ ಬಂದರೆ ಏನು ಮಾಡಬೇಕಿತ್ತು ಎನ್ನುವುದು ಉಳಿದಿದೆಯೋ ಇಲ್ಲವೋ. ತೆಕ್ಲಾ ಬಾಗಿಲಲ್ಲಿ ನಿಂತು ಅಜ್ಜನನ್ನೇ ನೋಡುತ್ತಿದ್ದಳು, ಏನೋ ಕೇಳಲು ಬಾಯಿ ತೆರೆದಳು, ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

ಕೇಳದೆ ಇರುವ ಮಗುವಲ್ಲ ಇದು, ಅದೇ ಸೋಜಿಗ. ತೋಟಗಳ ನಡುವಿನ ಬಿಳಿ ಜಲ್ಲಿಯ ದಾರಿಯಲ್ಲಿ ಪುಟ್ಟ ಸೈಕಲ್ಲಿನ ದಪ್ಪ ಟಯರು ಕರಕರ ಎನ್ನುತ್ತ ಮುಂದೆ, ತನ್ನದು ಹಿಂದೆ, ಕೊಯ್ಲು ಮುಗಿದ ಹೇಝಲ್ ಗಿಡಗಳ ಬುಡ ಗುಡಿಸಿದ ಅಂಗಳದ ಹಾಗೆ ಬರಿದು, ಮತ್ತೆ ಇಳಿಜಾರು, ಮರಗಳ ಸಂದಿಯಲ್ಲಿ ಥಟ್ಟನೆ ಸರೋವರ, ಆರಿದ ಜ್ವಾಲಾಮುಖಿಯ ಬಾಯಲ್ಲಿ ತುಂಬಿದ ನೀರು, ಬೆಳಗಿನ ಹಬೆಯಿನ್ನೂ ಆರದ ಸಾರಿನ ಪಾತ್ರೆ, ಅಮ್ಮಾ, ಇಲ್ಲಿ ಬೆಂಕಿ ಉರೀತಿದ್ದಾಗ ನೀರೆಲ್ಲಿತ್ತು? ಮೋಡದಲ್ಲಿತ್ತು ಚಿನ್ನಾ. ತಾನು ಜ್ವಾಲಾಮುಖಿ ಒಳಗೆ ಈಜ್ತಿದೀನಿ ಅಂತ ಮೀನಿಗೆ ಗೊತ್ತಾ? ಗೊತ್ತಿದ್ರೆ ಹೆದರ್ತಿತ್ತು ಅಲ್ವಾ ಚಿನ್ನಾ? ನಾವು ಹೆದರ್ತೀವಾ? ಇಲ್ಲ. ಮತ್ತೆ ಮೀನ್ಯಾಕೆ ಹೆದರುತ್ತೆ, ಅಮ್ಮಾ ನೀನೂ! ನಿಜವೇ, ಏದುಸಿರು ಬಿಡುತ್ತ ಏರು ಹತ್ತುವಾಗಲೂ ಬಾಯಿ ನಿಲ್ಲದು, ಈ ಬೀಚ್ ಮರಕ್ಕಿಂತ ಮುಂಚೆ ಇಲ್ಲಿ ಯಾರಿದ್ರು, ಇದರ ಅಮ್ಮನಾ, ಅದರ ಅಮ್ಮ ಎಲ್ಲಿ ಬಿತ್ತು — ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಮಾತ್ರ ಮಗುವಿನ ಗಂಟಲಲ್ಲಿ ಕೂತಿದೆ, ವಾರದಿಂದ ಕೂತಿದೆ, ನುಂಗಲು ನೀರಿನ ಬಾಟಲಿ ಎತ್ತುತ್ತಾಳೆ, ಏನಿರಬಹುದು ಅದು, ಅಜ್ಜ ಸಾಯ್ತಾರಾ ಎಂದೇ? ಅದನ್ನು ಬೇಸಿಗೆಯಲ್ಲೇ ಐಸ್‌ಕ್ರೀಮು ನೆಕ್ಕುತ್ತ ಕೇಳಿ ಮುಗಿಸಿದಳು. ನಿನಗೂ ಮರೆವು ಬರುತ್ತಾ ಎಂದೇ? ಅದನ್ನೂ ಕೇಳಿದ್ದಾಯಿತು. ಹಾಗಾದರೆ ಏನು, ತಾನೇ ಕೇಳಿಬಿಡಲೇ, ಬೇಡ, ಮೊಟ್ಟೆಗೆ ಕಾವು ಕೊಡಬಹುದು, ಕುಟ್ಟಬಾರದು.

ಕಾಡು ಶುರುವಾಯಿತು, ದೊಡ್ಡ ಬೂದುಬಣ್ಣದ ಕಾಂಡಗಳು, ನೆಲದ ಮೇಲೆ ಹಳದಿ ಬೆಳಕು, ಗಾಳಿಯಲ್ಲಿ ಆ ವಾಸನೆ, ನೆಂದ ಎಲೆ, ಹಿಟ್ಟು, ಹಳೇ ಕಪಾಟು, ಅಪ್ಪನ ಅಂಗಿತೋಳಿನ ವಾಸನೆ — ಹನ್ನೆರಡರ ಹುಡುಗಿಯಾಗಿದ್ದಾಗ ಅವಳು ಅವರ ಹಿಂದೆ ಕದ್ದು ಹೋಗಿದ್ದಳು, ಅವರು ತುಕ್ಕು ಹಿಡಿದ ಸೈಕಲ್ಲನ್ನು ಪೊದೆಯಲ್ಲಿ ಮಲಗಿಸಿ, ಚಕ್ರದ ಗುರುತನ್ನು ರೆಂಬೆಯಿಂದ ಗುಡಿಸುತ್ತ ಹೋದರು, ಅವಳು ಮರದಿಂದ ಮರಕ್ಕೆ ಅಡಗುತ್ತ, ಬಂಡೆ ಸುತ್ತಿ, ಹಳ್ಳ ದಾಟಿ, ಗುಡ್ಡ ಹತ್ತಿ ಇಳಿದು, ಕೊನೆಗೆ ನೋಡಿದರೆ ಸರೋವರದ ದಡ, ಅಪ್ಪ ಕಲ್ಲಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಾರೆ, ತಿರುಗಿಯೂ ನೋಡದೆ, ಬಾ, ಕಾಲು ನೋಯ್ತಾ? ಚೀಸು ಇದೆ, ತಗೋ. ಅವಳು ಅತ್ತಿದ್ದಳು, ಅವರು ನಕ್ಕಿದ್ದರು, ನಿನ್ನ ಮುಖಕ್ಕೆ ಬಾಗಿಲಿಲ್ಲ ಕಣೇ, ಒಳಗಿರೋದೆಲ್ಲ ಬೀದಿಗೆ ಕಾಣುತ್ತೆ, ನಿಂಗೆ ತೋರ್ಸಿದ್ರೆ ಊರಿಗೇ ತೋರ್ಸಿದ ಹಾಗೆ. ಅಮ್ಮನಿಗೂ ತೋರಿಸಲಿಲ್ಲ, ಅಮ್ಮ ಜೀವನಪೂರ್ತಿ ಆ ಅಣಬೆ ಬೇಯಿಸಿದಳು, ಬೆಳೆದ ನೆಲ ನೋಡಲಿಲ್ಲ. ಒಬ್ಬರಿಗೆ ಮಾತ್ರ ತೋರಿಸುವುದು, ಯಾರಿಗೂ ಹೇಳುವುದಿಲ್ಲ ಎಂದು ಮಾತು ತಗೊಂಡು, ಕಾಲು ಸೋಲುವ ಮುಂಚೆ, ಅವರಿಗೂ ಅವರಜ್ಜ ಹಾಗೇ ತೋರಿಸಿದ್ದು, ಕಳೆದ ವರ್ಷ ಇದೇ ಹೊತ್ತಿಗೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಅಜ್ಜ ಮೊಮ್ಮಗಳು ಸದ್ದಿಲ್ಲದೆ ಹೊರಟು, ಮೊಣಕಾಲೆಲ್ಲ ಮಣ್ಣು ಮಾಡಿಕೊಂಡು ಬಂದರು, ಎಲ್ಲಿಗ್ ಹೋಗಿದ್ರಿ? ಎಲ್ಲಿಗೂ ಇಲ್ಲ ಎಂದಿತು ಮಗು, ಬಾಗಿಲಿರುವ ಮುಖದಿಂದ. ಹೊಟ್ಟೆಕಿಚ್ಚಾಯಿತೇ, ಆಯಿತು, ಸ್ವಂತ ಮಗಳ ಮೇಲೆ, ಒಂದು ಸಂಜೆಯ ಮಟ್ಟಿಗೆ. ಚಳಿಗಾಲ ಕಳೆಯುವಷ್ಟರಲ್ಲಿ ಅಪ್ಪ ಮನೆಯೊಳಗೇ ದಾರಿ ತಪ್ಪತೊಡಗಿದರು, ಈಗ ಆ ಜಾಗ ಇಡೀ ಲೋಕದಲ್ಲಿ ಒಂದೇ ಒಂದು ಪುಟ್ಟ ಹೆಲ್ಮೆಟ್ಟಿನೊಳಗಿದೆ.

ದಾರಿ ಕವಲೊಡೆಯುವಲ್ಲಿ ತೆಕ್ಲಾ ನಿಂತಳು. ಬಲಕ್ಕೆ ಜಲ್ಲಿಯ ದಾರಿ ಮನೆಯ ಕಡೆಗೆ ಇಳಿಯುತ್ತದೆ, ಎಡಕ್ಕೆ ದಾರಿಯೇ ಅಲ್ಲ, ಎಲೆ ಮುಚ್ಚಿದ ಒಂದು ಸಂದು, ಒಂದು ಕಾಲು ನೆಲಕ್ಕೂರಿದ್ದಾಳೆ, ಮುಂದಿನ ಚಕ್ರ ಎಡಕ್ಕೆ ತಿರುಗಿದೆ. ಓರ್ನೆಲ್ಲಾ ಬ್ರೇಕು ಹಿಡಿದು ಹಿಂದೆಯೇ ನಿಲ್ಲುತ್ತಾಳೆ, ಓ ಹಾಗಾದರೆ ಇಲ್ಲಿಂದ, ಇಲ್ಲಿಂದಲೇ, ಬಂಡೆ ಬಿಟ್ಟು, ಹಳ್ಳ ಬಿಟ್ಟು, ಅಪ್ಪಾ ನೀನೆಂಥಾ ಮೋಸಗಾರ — ಬಾಯಿ ತೆರೆಯುವುದೂ ಬೇಡ, ಸುಮ್ಮನೆ ಹಿಂದೆ ಹೋದರೆ ಸಾಕು, ತನ್ನ ಹ್ಯಾಂಡಲ್ಲಿನ ಮೇಲಿನ ಪುಟ್ಟ ನಕಾಶೆ ಯಂತ್ರ ಮನೆಯಿಂದ ಇಲ್ಲಿಯವರೆಗೆ ನೀಲಿ ಗೆರೆ ಎಳೆದುಕೊಂಡೇ ಬಂದಿದೆ, ಮುಂದೆಯೂ ಎಳೆಯುತ್ತದೆ, ಮರದಿಂದ ಮರಕ್ಕೆ, ಆಮೇಲೆ ಅದು ತಾನೇ ತಾನಾಗಿ ಸೈಕಲ್ ಗುಂಪಿನವರ ಫೋನಿಗೆಲ್ಲ ಹೋಗಿ ಕೂರುತ್ತದೆ, ಫೌಸ್ತೊನ ಮಗನೂ ಆ ಗುಂಪಿನಲ್ಲೇ, ಅಯ್ಯೋ ದೇವರೇ, ರೆಂಬೆಯಿಂದ ಗುಡಿಸಲು ಬರುವ ಗುರುತೇ ಇದು, ಅವಳು ಗುಂಡಿ ಒತ್ತಿ ಯಂತ್ರವನ್ನು ಆರಿಸಿದಳು, ಗೆರೆ ಕವಲಿನಲ್ಲೇ ನಿಂತಿತು. ತೆಕ್ಲಾ ನೋಡಿದಳು. ಚಕ್ರ ಎಡಕ್ಕೇ ಇದೆ. ಬೇಕಾದರೆ ನೀನು ಹೋಗಿ ಬಾ ಮರೀ, ನಾನಿಲ್ಲೇ ಕಣ್ಣು ಮುಚ್ಚಿಕೊಂಡಿರ್ತೀನಿ ಎನ್ನಲೇ, ಎಂಟು ವರ್ಷದ ಮಗುವನ್ನು ಒಬ್ಬಳೇ ಕಾಡಿಗೆ ಬಿಡುವುದೇ, ಬೇಡ ಮನೆಗೆ ಹೋಗೋಣ ಎಂದರೆ ಮುಂದಿನ ಮಳೆಗೆ ಅವಳಿಗೂ ಬಂಡೆ ಯಾವುದು ಮರ ಯಾವುದು ಮಸುಕಾಗುತ್ತದೆ, ಆಗ ಅಜ್ಜನ ಅಜ್ಜನಿಂದ ಬಂದದ್ದು ಇಲ್ಲಿಗೆ ಮುಗಿಯುತ್ತದೆ, ತೋರಿಸು ಎಂದರೆ — ತೋರಿಸು ಎನ್ನಲಾರಳು, ನಲವತ್ತಾದರೂ ಆ ಕಲ್ಲಿನ ಮೇಲೆ ಅತ್ತ ಹುಡುಗಿ ಒಳಗೆ ಎದ್ದು ಕೂತು ತೋರಿಸು ತೋರಿಸು ಎನ್ನುತ್ತಿದ್ದಾಳೆ, ಮುಖಕ್ಕೆ ಬಾಗಿಲಿಲ್ಲ, ಮಗುವಿಗೆ ಎಲ್ಲ ಕಾಣುತ್ತಿರಬೇಕು, ಕಾಣಲಿ. ಎಲ್ಲೋ ಮರಕುಟಿಗ. ಎಡಕ್ಕೆ ತಿರುಗಿದ ಚಕ್ರ. ಟಯರಿನ ಅಂಚಿಗೆ ಅಂಟಿದ ಒಂದು ಬೀಚ್ ಎಲೆ, ಒದ್ದೆ. ಚಕ್ರ. ಮಗು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿತು, ಮತ್ತೆ ಹಾಕಿತು, ನೀರಿನ ಬಾಟಲಿ ಮುಟ್ಟಿ ಕೈ ಹಿಂದೆಗೆಯಿತು.

ಅಮ್ಮಾ, ಮಾತು ತಗೊಂಡವರಿಗೇ ಅದು ಮರೆತುಹೋದ್ರೆ, ಕೊಟ್ಟವರು ಏನ್ ಮಾಡ್ಬೇಕು?