ಎಲ್ಲರಿಗಿಂತ ಮೊದಲ ಆಮೆನ್

ನನ್ನ ದನಿ ದೊಡ್ಡದು. ವಾಡಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಹೋಗುವಾಗ ನಾನು ಕೂಗಿದರೂ ಆಚೆ ಪ್ಲಾಟ್‌ಫಾರ್ಮಿನವರು ತಿರುಗಿ ನೋಡುತ್ತಾರೆ. ಅದಕ್ಕೇ ಚರ್ಚಿನ ಗಾಯನ ಮಂಡಳಿಯಿಂದ ನನ್ನನ್ನು ತೆಗೆದರು. "ಸುವಾರ್ತಮ್ಮಾ, ನೀವು ಹಾಡಾಕತ್ತಿದ್ರ ಉಳಿದವ್ರ ದನಿನೇ ಕೇಳಂಗಿಲ್ರಿ" ಎಂದರು ಮಂಡಳಿಯ ಹಿರಿಯ ದೇವದಾನಪ್ಪನವರು, ಭಾರಿ ಮೆತ್ತಗೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಅಂದಿನಿಂದ ವರ್ಷಗಟ್ಟಲೆ ಕೊನೆಯ ಸಾಲಿನಲ್ಲಿ ಬಾಯಿ ಹೊಲಿದುಕೊಂಡು ಕೂತೆ. ಹಾಡಿಗೂ ಇಲ್ಲ, ಪ್ರಾರ್ಥನೆಗೂ ಇಲ್ಲ.

ಒಬ್ಬೊಬ್ಬರಿಗೂ ದೇವರು ಒಂದೊಂದು ಕೆಲಸ ಇಟ್ಟಿದ್ದಾನೆ ಎಂದು ಪಾಸ್ಟರ್ ಆಗಾಗ ಹೇಳುತ್ತಿದ್ದರು. ಹಾಗಾದರೆ ನನ್ನನ್ನು ಯಾಕೆ ಹುಟ್ಟಿಸಿದೆ ಎಂದು ರೊಟ್ಟಿ ಬಡಿಯುತ್ತ ಕರ್ತನ ಜೊತೆ ಜಗಳಾಡುತ್ತಿದ್ದೆ. ಕ್ರಿಸ್‌ಮಸ್ ಮುಗಿದ ಮೇಲೆ ಚರ್ಚನ್ನೇ ಬಿಡುವುದೆಂದು ನಿಶ್ಚಯಿಸಿಯೂ ಆಗಿತ್ತು.

ಅಷ್ಟರಲ್ಲಿ ನಮ್ಮ ಓಣಿಯ ಮುದುಕಿ ಭೀಮಮ್ಮ ದೊಡ್ಡ ಜ್ವರದಿಂದ ಎದ್ದಳು. ಅವಳ ಮನೆಯಲ್ಲಿ ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಪ್ರಾರ್ಥನೆ ಇಟ್ಟುಕೊಂಡರು. ಭೀಮಮ್ಮನ ಆಮೆನ್ ನಮ್ಮಲ್ಲಿ ಹೆಸರುವಾಸಿ. ಚರ್ಚಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂತು, ಎಲ್ಲರೂ ಹೇಳಿ ಮುಗಿಸಿದ ಮೇಲೆ ಅವಳೊಬ್ಬಳೇ ನಿಧಾನವಾಗಿ ಹೇಳುತ್ತಾಳೆ. ಎಂಥ ಭಕ್ತಿ ಎಂದು ನಾವು ಹೊಗಳುತ್ತಿದ್ದೆವು.

ಅವತ್ತು ಪಾಸ್ಟರ್‌ಗೆ ಚಿತ್ತಾಪುರದಲ್ಲಿ ಬಸ್ ತಪ್ಪಿತು. ಇತ್ತ ಚಹಾ ಆರುತ್ತಿತ್ತು. ದೇವದಾನಪ್ಪನವರಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಉಳಿದ ಗಂಡಸರು "ನೀವು ಮಾಡ್ರಿ, ನೀವು ಮಾಡ್ರಿ" ಎಂದು ಮುಖ ನೋಡಿಕೊಂಡರು. ಕೊನೆಗೆ ಭೀಮಮ್ಮನ ಸೊಸೆ ಕರುಣಮ್ಮ ನನ್ನ ಕಡೆ ತಿರುಗಿ, "ಅಕ್ಕಾ, ನೀನರ ಪ್ರಾರ್ಥನಾ ಮಾಡು" ಎಂದಳು.

ಮೆಲ್ಲಗೇ ಶುರು ಮಾಡಿದೆ. ಆದರೆ ನನ್ನ ಗಂಟಲು ನನ್ನ ಮಾತು ಕೇಳಿದ್ದು ಯಾವಾಗ? "ತಂದೆಯೇ, ನಮ್ಮ ಭೀಮಮ್ಮನನ್ನು ಉಳಿಸಿಕೊಟ್ಟೆಯಲ್ಲ, ನಿನಗೆ ಸ್ತೋತ್ರ" ಎನ್ನುವಷ್ಟರಲ್ಲಿ ದನಿ ಓಣಿಯ ತುದಿ ಮುಟ್ಟಿತ್ತು.

"ಆಮೆನ್!"

ಪ್ರಾರ್ಥನೆ ಇನ್ನೂ ಅರ್ಧಕ್ಕಿತ್ತು. ಎಲ್ಲರೂ ಕಣ್ಣು ಬಿಟ್ಟೆವು. ಹೇಳಿದವಳು ಭೀಮಮ್ಮ.

"ನನ್ನ ಹೆಸರು ತಗೊಂಡು ಮಾಡಾಕತ್ತಾಳ! ಎಲ್ಲಾ ಕೇಳಿಸ್ತು ನನಗ!" ಎಂದು ಸೊಸೆಯ ಕೈ ಹಿಡಿದು ಅಳತೊಡಗಿದಳು.

ನಮಗೆಲ್ಲ ಗೊತ್ತಾದದ್ದು ಆಗಲೇ. ಮನೆಯವರು ಸ್ವಲ್ಪ ಮಂದವೆಂದುಕೊಂಡಿದ್ದ ಅವಳ ಕಿವಿ ಈ ಕೆಲವು ವರ್ಷಗಳಲ್ಲಿ ಬಹುಪಾಲು ಹೋಗಿಯೇ ಬಿಟ್ಟಿತ್ತು. ಗೊತ್ತಾದರೆ ಚರ್ಚಿಗೆ ಕರೆದೊಯ್ಯುವುದಿಲ್ಲವೆಂಬ ಭಯಕ್ಕೆ, ನಮ್ಮ ತುಟಿ ಅಲ್ಲಾಡಿದ್ದನ್ನು ನೋಡಿ, ಆಮೇಲೆ ಆಮೆನ್ ಹೇಳುತ್ತ ಬಂದಿದ್ದಳು.

ಮುಂದಿನ ಭಾನುವಾರ ಅವಳ ಪಕ್ಕದಲ್ಲೇ ಕೂತೆ. ಪಾಸ್ಟರ್ ಒಂದು ಮಾತು ಹೇಳಿ ನಿಲ್ಲುವರು, ನಾನು ಅದನ್ನು ಅವಳ ಕಿವಿಗೆ ಮುಟ್ಟಿಸುವೆ. ಇಡೀ ಚರ್ಚು ಉಪದೇಶವನ್ನು ಎರಡೆರಡು ಸಲ ಕೇಳಿತು, ಯಾರೂ ಗೊಣಗಲಿಲ್ಲ. ಕರ್ತನೇ, ಈ ದನಿಗೆ ಸ್ತೋತ್ರ ಎಂದು ಮೊದಲ ಸಲ ಮನಸಾರೆ ಹೇಳಿದೆ.

ಆರಾಧನೆ ಮುಗಿದ ಮೇಲೆ ಭೀಮಮ್ಮ ನನ್ನ ಗಲ್ಲ ಹಿಡಿದಳು.

"ಇಷ್ಟ್ ವರ್ಷ ಇಲ್ಲೇ, ನನ್ನ ಹಿಂದೇ ಕುಂತಿದ್ದೆಲ್ಲವ್ವಾ. ಯಾಕ ಸುಮ್ಮನ ಕುಂತಿದ್ದಿ?"