ಪಿಲ್ಬೀಮ್ ದೊರೆಯ ನೂರಾ ಹನ್ನೊಂದು ಸೆಂಚುರಿ

ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಬ್ಯಾರನ್ ಮನೆಯನ್ನು ತುಂಬುವುದರಲ್ಲಿ ನನ್ನನ್ನು ಮೀರಿಸುವವನು ಹುಣಸೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಹೆಸರು ಕೇಳಿ ಶುಂಠಿ ಬೆಳೆಯಲು ಹೋಗಿರಬೇಕು. ಅಂಥ ನಾನು, ಗುರುಪುರದ ನಂಜುಂಡೇಶ್, ಕಳೆದ ಆಗಸ್ಟಿನಲ್ಲಿ ನನ್ನ ಸ್ವಂತ ಅಕ್ಕನ ಬ್ಯಾರನ್ನಿನೊಳಗೆ ಸಿಕ್ಕಿಬಿದ್ದೆ.

ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೊದಲು ಸೂರಿನ ಕೆಳಗೆ ನೇತುಹಾಕಿ, ಆಮೇಲೆ ಒಂದೊಂದೇ ಅಂತಸ್ತು ತುಂಬುತ್ತ ಕೆಳಗಿಳಿಯಬೇಕು. ತೊಟ್ಟಿಲ ಮಗುವಿಗೂ ಗೊತ್ತು. ಆದರೆ ಆ ದಿನ ಮೂರು ಗಂಟೆಗೆ ಊರ ಮೈದಾನದಲ್ಲಿ ಕ್ರಿಕೆಟ್ಟಿನಲ್ಲಿ ಗೆದ್ದವರಿಗೆ ಪಿಲ್ಬೀಮ್ ಕಪ್ ಕೊಡುವವನು ನಾನು. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನಲ್ಲಿ ಕ್ರಿಕೆಟ್ ಆಡಿ, ಆಮೇಲೆ ಹುಣಸೂರಿನ ಮರದ ಡಿಪೋಗೆ ಸಾಹೇಬನಾಗಿ ಬಂದ ಪಿಲ್ಬೀಮ್ ದೊರೆಯ ಕಥೆ ಊರಿಗೆ ಗೊತ್ತಾದದ್ದೇ ನನ್ನ ಬಾಯಿಂದ. ನಾನು ಹೋಗದಿದ್ದರೆ ಕಪ್ ಕೊಡುವವನು ನಮ್ಮೂರಿನವನೇ ಆದ ಕಂಠಪ್ಪ. ಅವನಿಗೆ ಬ್ಯಾಟಿಗೂ ಬಟ್ಟೆ ಬಡಿಯುವ ಕೋಲಿಗೂ ವ್ಯತ್ಯಾಸ ತಿಳಿಯದು.

ಹಾಗಾಗಿ ಮೇಲಿನ ಅಂತಸ್ತು ತುಂಬಿ, ಕೆಳಗಿಳಿಯದೆ ಅಲ್ಲೇ ತೊಲೆಯ ಮೇಲೆ ಭಾಷಣದ ಅಭ್ಯಾಸಕ್ಕೆ ನಿಂತೆ. ದೊರೆಯ ನೂರಾ ಹನ್ನೊಂದು ಸೆಂಚುರಿ, ಕೊನೆಗೆ ಅವನನ್ನು ಮೊದಲ ಬಾಲಿಗೇ ಉರುಳಿಸಿದ ನಮ್ಮ ತಾತ! ಭಾವ ಕಾಂತರಾಜು ಕೆಳಗಿನ ಅಂತಸ್ತುಗಳನ್ನು ತುಂಬುತ್ತಲೇ ಇದ್ದ. ಭಾಷಣ ಮುಗಿದಾಗ ನನ್ನ ಕಾಲ ಕೆಳಗೆ ಏಳು ಲಕ್ಷ ಕಡ್ಡಿ. ಅಕ್ಕ ಏಳುನೂರು ಎನ್ನುತ್ತಾಳೆ, ಇರಲಿ.

"ಭಾವ, ಕಡ್ಡಿ ತಗೀರಿ, ಇಳೀಬೇಕು!"

"ನಾಕ್ ಗಂಟೆಗೆ ಬೆಂಕಿ ಆಕ್ಬೇಕು ಕಣಪ್ಪ. ಅಲ್ಲೇ ಇರು, ವಾರಕ್ಕೆ ಸೊಪ್ಪಿನ್ ಜೊತೆ ನೀನೂ ಒಳ್ಳೆ ಅಳದಿ ಬಣ್ಣಕ್ಕೆ ಬತ್ತೀಯ."

ತಗಡಿನ ಸೂರು ನೆತ್ತಿ ಸುಡುತ್ತಿತ್ತು. ಹಸಿ ಸೊಪ್ಪಿನ ಘಾಟಿಗೆ ತಲೆ ಸುತ್ತಿತು. ಕೈ ಚಾಚಲೂ ಜಾಗವಿಲ್ಲ. ಗಂಟೆ ಆಗಲೇ ಎರಡು ದಾಟಿತ್ತು.

ಅಕ್ಕ ಸುನಂದಮ್ಮ ಬಾಗಿಲಿಗೆ ಬಂದಳು. "ಲೋ ನಂಜುಂಡ, ಒಂದ್ ನಿಜ ಹೇಳು, ಒಂದ್ ಸಾಲು ತಗೀತೀನಿ. ಸುಳ್ಳಾಡುದ್ರೆ ವಾಪಸ್ ಆಕ್ತೀನಿ. ದೊರೆ ಎಷ್ಟ್ ಸೆಂಚುರಿ ಒಡ್ದ?"

"ತೊಂಬತ್ತು."

ಒಂದು ಎಲೆಯೂ ಅಲುಗಲಿಲ್ಲ.

"ಅರವತ್ತು... ಅಲ್ಲಲ್ಲ, ಬರೀ ಆರು!"

"ಬಾಗ್ಲು ಆಕ್ರೀ," ಎಂದಳು ಗಂಡನಿಗೆ. ಒಳಗೆ ಕತ್ತಲೆ ಕವಿಯಿತು.

"ಒಂದೂ ಇಲ್ಲ ಕಣಕ್ಕ!"

ಬಾಗಿಲು ತೆರೆಯಿತು. ಮೊದಲ ಸಾಲು ಜಾರಿತು. ಐದು ವರ್ಷ ದೊರೆ ತಂಡದ ಹನ್ನೆರಡನೆಯವನಾಗಿ ಬೇರೆಯವರಿಗೆ ನೀರು ಹೊತ್ತ ಎಂದೆ, ಇನ್ನೊಂದು ಸಾಲು. ಆಡಿದ್ದು ಒಂದೇ ಮ್ಯಾಚ್ ಎಂದೆ, ಮತ್ತೊಂದು. ಹೊಡೆದದ್ದು ಸೊನ್ನೆ ಎಂದೆ. "ಅಯ್ಯೋ ಪಾಪ" ಎಂದು ಅಕ್ಕ ಎರಡು ಸಾಲು ತೆಗೆದಳು.

"ಸುತ್ತ ಅನ್ನೊಂದು ಜನ ನಿಂತ್ಬುಟ್ರೆ ಬಾಲನ್ನ ಎಲ್ಲಿಗ್ ಒಡೀಲಿ ಅಂತ ದೊರೆ ತಾತುನ್ ತಾವ ಕೇಳ್ದನಂತೆ ಕಣಕ್ಕ. ಆ ಮ್ಯಾಚ್ ಆದ್ಮೇಲೆ ಯಾರೂ ಅವನ್ನ ಆಡಕ್ಕೆ ಕರೀಲಿಲ್ವಂತೆ."

ಇದನ್ನು ಸೂರಿಗೂ ಸೊಪ್ಪಿಗೂ ನಡುವೆ ಕುಕ್ಕರಗಾಲಿನಲ್ಲಿ ಹೇಳುವಾಗ, ಲೋಕವನ್ನೇ ನಗಿಸಿದ ನನಗೆ ನಗು ಬರಲಿಲ್ಲ.

ಕೊನೆಯ ಸಾಲು ಉಳಿಯಿತು. "ನಮ್ ತಾತ ಅವುನ್ನ ಔಟ್ ಮಾಡಿದ್ದು ನಿಜಾನಾ?"

ತಾತ ಬಾಲು ಮುಟ್ಟಿದವನೇ ಅಲ್ಲ. ದೊರೆಯ ಕುದುರೆಗೆ ಹುಲ್ಲು ಹಾಕುತ್ತಿದ್ದ. ಕೆಳಗೆ ಭಾವ ಕಿವಿ ನಿಮಿರಿಸಿ ನಿಂತಿದ್ದ. ಆ ಒಂದು ವಿಕೆಟ್ಟಿನ ಬಲದ ಮೇಲೆಯೇ ಅಕ್ಕ ಮೂವತ್ತು ವರ್ಷ ಗಂಡನ ಮನೆಯಲ್ಲಿ ತಲೆ ಎತ್ತಿ ಓಡಾಡಿದ್ದಳು.

"ಅಕ್ಕ, ತಾತ..."

"ಸಾಕು ಬುಡು, ಬಾಯ್ ಮುಚ್ಕಂಡು ಇಳಿ," ಎಂದು ಕೊನೆಯ ಸಾಲನ್ನು ತಾನೇ ಎಳೆದುಹಾಕಿದಳು.

ಚಿರತೆಯೂ ನಾಚುವಂತೆ ಓಡಿದೆ. ಕಂಠಪ್ಪ ಆಗಲೇ ಕಪ್ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಪ್ಪನ್ನೂ ಮೈಕನ್ನೂ ಒಟ್ಟಿಗೇ ಕಿತ್ತುಕೊಂಡೆ.

"ಪಿಲ್ಬೀಮ್ ದೊರೆ ಇಂಗ್ಲೆಂಡ್ನಲ್ಲಿ ಒಡ್ದಿದ್ದು ಸೊನ್ನೆ!"

ಮುಂದಿನ ಸಾಲಿನವರು ಎದ್ದು ನಿಂತರು.

"ಇಲ್ಲೂ ಸೊನ್ನೆನೇ! ನಮ್ ತಾತ ಬುಟ್ಟಾನಾ?"

ಶಿಳ್ಳೆ ಎಚ್.ಡಿ. ಕೋಟೆಗೆ ಕೇಳಿಸಿತು.

"ಓದ್ವರ್ಸ ನೂರಾ ಅನ್ನೊಂದು ಸೆಂಚುರಿ ಅಂದಿದ್ದೆಲ್ಲೋ?" ಎಂದು ಕಂಠಪ್ಪ ಕೂಗಿದ.

"ಅದು ಅವರಣ್ಣ ಕಣೋ!" ಎಂದು ಕಪ್ ಎತ್ತಿದೆ.